ಕಲ್ಲುಬೆಂಚಿನ ಎತ್ತರ

ದಿನವೂ ರೈಲಿನಲ್ಲಿ ಕಡೂರಿಗೆ ಕೆಲಸಕ್ಕೆ ಹೋಗಿಬರುವ ನಾವೊಂದಿಷ್ಟು ಜನ, ಇನ್ನೊಂದು ಗಾಡಿಗೆ ನಮ್ಮ ಸ್ಟೇಷನ್ನಿನಲ್ಲಿ ನಿಲುಗಡೆ ಬೇಕೆಂದು ಅರ್ಜಿ ಬರೆದೆವು. ಜೊತೆಗೆ ಸ್ಟೇಷನ್ನಿನ ಚರಿತ್ರೆ, ಇರುವ ಸೌಲಭ್ಯ, ಇಲ್ಲದ ಸೌಲಭ್ಯಗಳನ್ನು ಒಂದು ಹಾಳೆಯಲ್ಲಿ ಬರೆದುಕೊಡುವ ಕೆಲಸ ನನಗೆ ಬಿತ್ತು.

"ಬರಿಯೋರು ನೀವೇ ತಾನೆ ಸಾರ್? ಒಂಚೂರು ಕಣ್ಣಲ್ಲಿ ನೀರು ಬರೋ ಹಂಗೆ ಬರೀರಿ," ಎಂದ ಜೊತೆಯ ಪ್ರಯಾಣಿಕ. "ಸಾಹೇಬ್ರು ಓದ್ತಾ ಓದ್ತಾ ಸೈನ್ ಹಾಕ್ಬಿಡ್ಬೇಕು."

ಬರೆದೆ. ಟಿಕೆಟ್ ಕಿಟಕಿ ಒಂದು, ಮಳೆ ಬಂದರೆ ಅರ್ಧ ಜನ ನಿಲ್ಲಬಹುದಾದ ಚಾವಣಿ ಒಂದು, ಹಳೆಯ ಗೋದಾಮಿನ ಹಿಂದೆ ನಲ್ಲಿ ಒಂದು. ಮೊದಲ ಸಾಲು ಮಾತ್ರ ಹೀಗಿತ್ತು: ನಮ್ಮ ಸ್ಟೇಷನ್ನಿನ ಅತ್ಯಂತ ಹಳೆಯ ಸೌಲಭ್ಯ ಹೊಂಗೆಮರದ ಕೆಳಗಿನ ಕಲ್ಲುಬೆಂಚು; ಅದರ ಮೇಲೆ ಕೂತಾಗ ನನ್ನ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ.

ಆ ಸಾಲಿನ ಹಿಂದೆ ನಾನು ಬರೆಯದೆ ಬಿಟ್ಟದ್ದು ಇತ್ತು. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಶಾಲೆಯ ಮೇಡಮ್ ಕೆಲಸದ ಸಂದರ್ಶನಕ್ಕೆಂದು ಕಡೂರಿಗೆ ಹೊರಟಿದ್ದಳು. ಹೊಲದ ದಾರಿಯಲ್ಲಿ ಬರುವಾಗ ಸೀರೆಯ ಅಂಚಿಗೆ ಕೆಸರಾಗಿತ್ತು. ಸರ್ಟಿಫಿಕೇಟಿನ ಚೀಲ ನನ್ನ ತೊಡೆಯ ಮೇಲಿಟ್ಟು, "ಗೂಡ್ಸ್ ಆದ್ರೆ ಸುಮ್ನಿರು, ಪ್ಯಾಸೆಂಜರ್ ಆದ್ರೆ ಕೂಗು," ಎಂದು ಹೇಳಿ ಅಂಚು ತೊಳೆಯಲು ಗೋದಾಮಿನ ಹಿಂದಿನ ನಲ್ಲಿಗೆ ಹೋದಳು. ಅಲ್ಲಿಂದ ಹಳಿ ಕಾಣುವುದಿಲ್ಲ. ಪ್ಯಾಸೆಂಜರ್ ಬಂತು, ಒಂದು ನಿಮಿಷ ನಿಂತಿತು, ಹೋಯಿತು. ನಾನು ಕೂಗಲಿಲ್ಲ. ಚಿಕ್ಕವನಿದ್ದೆ, ಒಂಬತ್ತೋ ಹತ್ತೋ, ಹೆದರಿದ್ದೆ. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲವಲ್ಲ. ಚಪ್ಪಲಿ ಬೆರಳ ತುದಿಯಿಂದ ಜಾರಿ ಕೆಳಗೆ ಬಿದ್ದದ್ದೂ ನೆನಪಿದೆ. ಇಷ್ಟು ವರ್ಷ ನನ್ನ ಪರವಾಗಿ ಸಾಕ್ಷಿ ಹೇಳಿದ್ದು ಆ ಚಪ್ಪಲಿಯೇ.

ಹಾಳೆ ಕೊಡುವ ಮೊದಲೇ ಪ್ಲಾಟ್‌ಫಾರ್ಮ್ ದುರಸ್ತಿ ಶುರುವಾಯಿತು. ಒಂದು ಬೆಳಿಗ್ಗೆ ನೋಡಿದರೆ ಬೆಂಚಿನ ಸುತ್ತ ಅಗೆದಿದ್ದಾರೆ. ಗುಂಡಿಯಲ್ಲಿ ನಿಂತಿದ್ದವರು ತರೀಕೆರೆಯ ಗಾರೆ ಕೆಲಸದ ಸಾಬರು. ಅಕ್ಕನ ಆ ರೈಲು ತಪ್ಪಿ ಎಷ್ಟೋ ವರ್ಷದ ಮೇಲೆ ಮೊದಲ ಸಲ ಪ್ಲಾಟ್‌ಫಾರ್ಮ್ ಎತ್ತರಿಸಿದಾಗ ತಂದೆಯ ಜೊತೆ ಇಲ್ಲೇ ಕೆಲಸ ಮಾಡಿದ್ದರಂತೆ.

"ಬೆಂಚು ಒಡೀಬೇಡಿ, ಹಳೇದು," ಎಂದೆ.

"ಇದು ಬೆಂಚು ಅಂತ ಯಾರ್ ಹೇಳಿದ್ದು ನಿಮ್ಗೆ?" ಅವರು ನಕ್ಕರು. "ತಲೆ ಮೇಲಿನ ಹೊರೆ ಇಳ್ಸೋ ಕಲ್ಲು ಕಣ್ರೀ ಇದು. ತೆಂಗಿನಕಾಯಿ ಮೂಟೆ ಹೊತ್ಕೊಂಡು ಬಂದೋರು ಬಗ್ಗದೆ ನಿಂತಂಗೇ ಇಳಿಸ್ಬೇಕಲ್ಲ, ಅದಕ್ಕೆ. ಎರಡು ಸಲ ನೆಲ ಏರಿಸಿದ್ವಿ. ಕಲ್ಲು ಇದ್ದಲ್ಲೇ ಇತ್ತು, ಜನ ಬಂದು ಕೂತ್ಕೊಂಡ್ರು. ಇಳೀರಿ, ನೋಡಿ ಬೇಕಾದ್ರೆ."

ಇಳಿದೆ. ಚಪ್ಪಡಿ ನನ್ನ ಎದೆಯ ಮಟ್ಟಕ್ಕಿತ್ತು.

"ಇದರ ಮೇಲೆ ಕೂತ್ರೆ ಯಾರ ಕಾಲೂ ನೆಲಕ್ಕೆ ಎಟುಕ್ತಿರ್ಲಿಲ್ಲ ಅನ್ನಿ," ಎಂದೆ.

"ನನ್ನದೂ ಎಟುಕ್ತಿರ್ಲಿಲ್ಲ, ನಿಮ್ಮದೂ ಎಟುಕ್ತಿರ್ಲಿಲ್ಲ."

"ಒಂಬತ್ತು ವರ್ಷದ ಹುಡುಗ ಹತ್ತಿ ಕೂರಬಹುದಾಗಿತ್ತಾ?"

"ಯಾರಾದ್ರೂ ಎತ್ತಿ ಕೂರಿಸ್ಬೇಕು. ಇಲ್ಲ, ಕೈ ಊರಿ ನೆಗೆಯೋಷ್ಟು ದೊಡ್ಡೋನಾಗಿರ್ಬೇಕು. ಯಾಕೆ ಸಾರ್, ಬಿದ್ದಿದ್ರಾ?"

ಇಲ್ಲ ಎಂದು ಮೇಲೆ ಹತ್ತಿದೆ. ಅಂದು ಕಚೇರಿಯಲ್ಲಿ ಒಂದು ಕಡತವೂ ಮುಂದೆ ಹೋಗಲಿಲ್ಲ. ಅಕ್ಕ ಎತ್ತಿ ಕೂರಿಸಿರಬಹುದು ಎಂದು ಬರೆದುಕೊಂಡೆ. ಬರೆದ ಕೂಡಲೇ ನನ್ನ ಕಂಕುಳಲ್ಲಿ ಅವಳ ಕೈಯ ಬಿಸಿಯೂ ನೆನಪಾಯಿತು. ಇಷ್ಟು ಬೇಗ ಬಂದ ನೆನಪನ್ನು ನಂಬಬಾರದು ಅನ್ನಿಸಿ ಹೊಡೆದುಹಾಕಿದೆ. ಅಕ್ಕ ಸಂದರ್ಶನಕ್ಕೆ ಹೋದದ್ದು ಒಂದೇ ಸಲವಲ್ಲ. ರೈಲು ತಪ್ಪಿದ್ದು ಯಾವ ಸಲ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಕೇಳಬೇಕಾದವಳು ಹಿರೇನಲ್ಲೂರಿನಲ್ಲಿ ಗಂಡ, ಸೊಸೆ, ಹೊಲಿಗೆ ಮಷೀನಿನ ನಡುವೆ ಚೆನ್ನಾಗಿಯೇ ಇದ್ದಳು.

ಹದಿನೈದು ದಿನದ ಮೇಲೆ ಅವಳೇ ಬಂದು ಎರಡು ದಿನ ಇದ್ದಳು. ವಾಪಸು ಹೊರಟಾಗ ಬಿಡಲು ಸ್ಟೇಷನ್ನಿಗೆ ಹೋದೆ. ಕಲ್ಲಿನ ಸುತ್ತ ಮತ್ತೆ ಮಣ್ಣು ತುಂಬಿ ಹೊಸ ಟೈಲ್ಸ್ ಹಾಕಿದ್ದರು. ಅಕ್ಕ ಅದರ ಮೇಲೆ ಕೂತಳು. ಮಂಡಿ ಎದೆಗೆ ಬಂತು.

"ಏನೋ ಇದು, ಹಾಲು ಕರೆಯೋಕೆ ಕೂತಂಗಾಯ್ತು."

"ಅಕ್ಕ, ಅವತ್ತು ನನ್ನನ್ನ ಇದರ ಮೇಲೆ ನೀನೇ ಎತ್ತಿ ಕೂರಿಸಿದ್ದಾ?"

ಯಾವತ್ತು ಎಂದು ಅವಳು ಕೇಳಲಿಲ್ಲ. ಅಲ್ಲಿಗೇ ನನಗೆ ಅರ್ಧ ಗೊತ್ತಾಯಿತು.

"ನಿನ್ನ ಎತ್ತೋದಾ? ನನಗಿಂತ ಗೇಣುದ್ದ ಮೇಲಿದ್ದೆ ಕಣೋ. ಮೀಸೆ ಬರ್ತಿತ್ತು."

"ನಾನು ಒಂಬತ್ತು ವರ್ಷದೋನು ಅಂದ್ಕೊಂಡಿದ್ದೆ."

"ಒಂಬತ್ತಾ!" ಅವಳಿಗೆ ನಿಜವಾಗಿ ನಗು ಬಂತು. "ಆ ವರ್ಷ ನೀನು ಎಸ್ಸೆಸ್ಸೆಲ್ಸಿ ಫೇಲಾಗಿದ್ದೆ. ಮನೇಲಿ ಎಲ್ರೂ ನನ್ನ ತೋರ್ಸಿ ತೋರ್ಸಿ ನಿನ್ನ ಬೈತಿದ್ರು. ಅದಾದ್ಮೇಲೆ ನಂಗೆ ಕೆಲಸದ ವಯಸ್ಸು ಮೀರ್ತು, ಮತ್ತೆ ಕರೀಲಿಲ್ಲ."

ಆ ಬೈಗುಳಕ್ಕೂ ನಾನು ಕೂಗದಿದ್ದಕ್ಕೂ ಸಂಬಂಧವಿದೆ ಎಂದು ಅವಳು ಹೇಳಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ.

"ಯಾಕೆ ಕೂಗ್ಲಿಲ್ಲ ಅಂತ ನೀನು ಕೇಳ್ಲೇ ಇಲ್ವಲ್ಲ," ಎಂದೆ.

"ಕೇಳಿದ್ರೆ ಏನಾದ್ರೂ ಒಂದು ಹೇಳ್ತಿದ್ದೆ ನೀನು. ಅದನ್ನ ನಾನು ನಂಬಬೇಕಾಗ್ತಿತ್ತು."

ಚಿಕ್ಕವನಿದ್ದೆ ಎಂಬ ಒಂದು ಮಾತನ್ನೇ ನಾನು ಇಷ್ಟು ವರ್ಷ ತಯಾರಿಟ್ಟುಕೊಂಡಿದ್ದೆ.

ಅಕ್ಕ ನನ್ನ ಕೈ ಹಿಡಿದು ಮೇಲೆದ್ದಳು. ನೀರಿನ ಬಾಟಲಿ ಖಾಲಿಯಾಗಿತ್ತು, ಗೋದಾಮಿನ ಹಿಂದಿನ ನಲ್ಲಿಗೆ ಹೊರಟಳು.

"ಚೀಲ ಇಲ್ಲೇ ಇಟ್ಟು ಹೋಗು, ನಾನು ನೋಡ್ಕೊತೀನಿ."

"ಭಾರ ಇಲ್ಲ ಬಿಡು," ಎನ್ನುತ್ತಾ ಅದನ್ನು ಹೆಗಲಿಗೇರಿಸಿಕೊಂಡು ಹೋದಳು. ಇಷ್ಟು ವರ್ಷಗಳಲ್ಲಿ ಎಲ್ಲಾದರೂ, ಯಾವುದಾದರೂ ಬಸ್‌ಸ್ಟ್ಯಾಂಡಿನಲ್ಲಿ, ಮದುವೆಮನೆಯಲ್ಲಿ, ಅವಳು ನನ್ನ ಬಳಿ ಚೀಲ ಬಿಟ್ಟುಹೋದದ್ದು ಇದೆಯೇ ಎಂದು ಹುಡುಕಿದೆ. ಒಂದೂ ಸಿಗಲಿಲ್ಲ.

ರೈಲಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಕಲ್ಲು ಖಾಲಿಯಿತ್ತು. ನಾನು ಹಳಿಯ ಕಡೆ ಮುಖ ಮಾಡಿ ನಿಂತೇ ಇದ್ದೆ. ದೂರದಲ್ಲಿ ಸದ್ದಾಯಿತು. ಗೂಡ್ಸ್ ಎಂದು ಗೊತ್ತಿದ್ದರೂ ಕೂಗಿಬಿಟ್ಟೆ.