ಅಂಚು ಹೊಲಿಯದ ನಿಲುವಂಗಿ

ಹೊಲಿಗೆ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಗುಂಡಿಯಕ್ಕ ಎನ್ನುತ್ತಿದ್ದರು. ಮೂವತ್ತು ವರ್ಷ ಅಂಗಿಗಳಿಗೆ ಗುಂಡಿ ಕೂರಿಸಿದ ಕೈ. ಕೈಗೇನೂ ಆಗಿರಲಿಲ್ಲ, ಕೆಟ್ಟಿದ್ದು ಮಂಡಿ. ಎದ್ದಾಗಲೆಲ್ಲ ಒಳಗೆ ‘ಟಕ್’ ಎನ್ನುತ್ತಿತ್ತು. ಅದು ತಾಯಿಯ ಮಂಡಿಯ ಸದ್ದು. ಚಿಕ್ಕಂದಿನಲ್ಲಿ ಪಕ್ಕದ ಕೋಣೆಯಿಂದ ಕೇಳುತ್ತಿತ್ತು. ಒಂದು ದಿನ ನಿಂತುಹೋಯಿತು. ಆಮೇಲೆ ಹನ್ನೊಂದು ವರ್ಷ ತಾಯಿ ಹಾಸಿಗೆ ಬಿಟ್ಟೇಳಲಿಲ್ಲ.

ಮಗಳಿಗೆ ಹೆರಿಗೆಯಾಗಿ ಎರಡು ತಿಂಗಳು. ಅವಳ ಮನೆ ಮೂರನೇ ಮಹಡಿ, ಲಿಫ್ಟಿಲ್ಲ. ‘ನಾಳೆ ಬರ್ತೀನಿ ಮಗಳೇ’ ಎಂದು ಫೋನಿನಲ್ಲಿ ಹೇಳುತ್ತಲೇ ಇದ್ದಳು. ಮೊಮ್ಮಗುವಿನ ಮುಖ ಇನ್ನೂ ನೋಡಿರಲಿಲ್ಲ.

ಅಂಗಡಿಯ ಇಸ್ತ್ರಿಯವಳದು ಬೇರೆ ಜನ, ಬೇರೆ ಮನೆಮಾತು. ಮಂಡಿನೋವು ಮಾತ್ರ ಒಂದೇ. ಇಬ್ಬರ ಎಕ್ಸ್‌ರೇಯನ್ನೂ ಬೆಳಕಿಗೆ ಹಿಡಿದು ಡಾಕ್ಟರು ಹೇಳಿದ್ದರು: “ಒಂದೇ ಥರ ಸವೆದಿದೆ. ನಿಧಾನಕ್ಕೆ ಮೆಟ್ಟಿಲು ಹತ್ತಿ, ಏನಾಗಲ್ಲ.” ಇಸ್ತ್ರಿಯವಳು ಹತ್ತಿದಳು. ಗುಂಡಿಯಕ್ಕ ಹತ್ತಲಿಲ್ಲ.

ಒಂದು ಮಧ್ಯಾಹ್ನ ಇಸ್ತ್ರಿಯವಳ ಕೈಗೆ, ಗೂಟಕ್ಕೆ ನೇತುಹಾಕಿದ್ದ ಬಟ್ಟೆಗಳ ನಡುವೆ, ಒಂದು ನಿಲುವಂಗಿ ಸಿಕ್ಕಿತು. ಬೆನ್ನುದ್ದಕ್ಕೂ ತೆರೆದು ಲಾಡಿ ಕಟ್ಟುವಂಥದು, ಹಾಸಿಗೆ ಹಿಡಿದವರಿಗೆ ತೊಡಿಸುವುದು. ಕೆಳಗಿನ ಅಂಚು ಮಾತ್ರ ಹೊಲಿದಿರಲಿಲ್ಲ.

“ಯಾವ ಗಿರಾಕೀದಕ್ಕಾ?”

“ನಂದೇ. ಅಮ್ಮನ ಅಳತೆ. ನನಗೂ ಸರಿಹೋಗುತ್ತೆ.”

ಇಸ್ತ್ರಿಯವಳು ಪೆಟ್ಟಿಗೆ ಎತ್ತಿಟ್ಟಳು. “ನಮ್ಮಲ್ಲಿ ಈ ಮಂಡಿನೋವನ್ನ ಶಾಪ ಅಂತಾರೆ. ನಮ್ಮತ್ತೆ ದಿನಾ ಅಂದೂ ಅಂದೂ, ನಾನೂ ಒಂದು ವರ್ಷ ಮೂಲೆ ಹಿಡಿದಿದ್ದೆ. ಆಮೇಲೆ ನೋಡಿದ್ರೆ ಅತ್ತೆ ಹೋದ್ಲು, ಮಂಡಿ ಇನ್ನೂ ಇದೆ! ನಿಮ್ಮಲ್ಲಿ ಏನಂತಾರೆ?”

“ಅಮ್ಮನ ದಾರಿ ಅಂತಾರೆ.”

“ನೋವು ಸುಳ್ಳಲ್ಲಕ್ಕಾ. ಆದ್ರೆ ಅಮ್ಮನ್ನೂ ಹೆಗಲ ಮೇಲೆ ಹೊತ್ಕೊಂಡು ಹತ್ತೋಕೆ ಹೋದ್ರೆ ಭಾರ ಆಗ್ದೇ ಇರುತ್ತಾ?”

ಆ ಸಂಜೆ ಗುಂಡಿಯಕ್ಕ ಮಗಳ ಮನೆಯ ಮೆಟ್ಟಿಲ ಬುಡದಲ್ಲಿ ನಿಂತಳು. ಮೊದಲ ಮೆಟ್ಟಿಲು: ಟಕ್. ಬೆನ್ನ ಹಿಂದೆ ಯಾರೋ ಏದುಸಿರು ಬಿಟ್ಟ ಹಾಗಾಯಿತು. ಕಂಬಿ ಹಿಡಿದು, ಪ್ರತಿ ತಿರುವಿನಲ್ಲೂ ನಿಂತು ಹತ್ತಿದಳು. ಎರಡನೇ ಮಹಡಿ ದಾಟಿದಾಗ ಸದ್ದು ನಿಂತಿತು. ತಾಯಿಗೂ ಹೀಗೇ ನಿಂತಿತ್ತಲ್ಲ! ಮಂಡಿಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಳು. ಮಡಚಿತು. ನೋವಿತ್ತು, ಆದರೂ ಮಡಚಿತು.

“ಬಾ ಅಮ್ಮಾ, ಇನ್ನೊಂದೇ ಮಹಡಿ” ಎಂದಳು, ಹಿಂದಿರುಗಿ ನೋಡದೆ.

ಬಾಗಿಲು ತೆರೆದ ಮಗಳು, “ಯಾರ ಜೊತೆ ಮಾತಾಡ್ತಿದ್ದೆ ಅಮ್ಮಾ?” ಎಂದಳು. ಗುಂಡಿಯಕ್ಕ ಕೂತು ಮಗುವನ್ನು ತೊಡೆಗೆ ಹಾಕಿಕೊಂಡಳು. ಮಗು ಕಾಲು ಝಾಡಿಸಿತು. ಎಳೆ ಮಂಡಿಯೊಳಗೆ, ಬೆರಳಿಗಷ್ಟೇ ತಿಳಿಯುವ ಹಾಗೆ: ಟಕ್.

“ಏನಾಯ್ತಮ್ಮಾ?”

‘ಇವಳಿಗೂ ನಮ್ಮಮ್ಮನ ಮಂಡಿಯೇ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಗುಂಡಿ ಹೊಲಿದು ಮುಗಿಸಿ ದಾರ ಕಡಿಯುವಂತೆ ಅದನ್ನು ಹಲ್ಲಿನಲ್ಲಿ ಕಡಿದಳು.

“ಏನಿಲ್ಲ ಮಗಳೇ” ಎಂದಳು. “ಚೆನ್ನಾಗಿ ಒದೀತಾಳೆ.”