ಎಡಗಾಲಿನ ಎಳೆತ

ಕರ್ಪೂರ ಹಾಕಿ ಕಾಸಿದ ತೆಂಗಿನೆಣ್ಣೆಯ ವಾಸನೆ ಮೂಗಿಗೆ ಬಡಿದಾಗ ನನಗೆ ಮೊದಲು ನೆನಪಾದದ್ದು ಅಜ್ಜಯ್ಯನ ಮುಖವಲ್ಲ, ಅವರ ಎಡಮಂಡಿ. ಹೋದ ತಿಂಗಳು ಕುಂದಾಪುರದ ಒಂದು ಸಭಾಭವನದಲ್ಲಿ ಕಾಲೇಜು ತಂಡಗಳ ಯಕ್ಷಗಾನ ಸ್ಪರ್ಧೆಯಿತ್ತು. ತೀರ್ಪು ಹೇಳಲು ಕರೆದ ಮೂವರಲ್ಲಿ ನಾನೂ ಒಬ್ಬಳು. ಬೆಳಿಗ್ಗೆ ಹತ್ತರ ಹೊತ್ತಿಗೆ ಬಣ್ಣ ಹಚ್ಚುವ ಚೌಕಿಯ ಬಾಗಿಲ ಮುಂದೆ ಹಾದುಹೋಗುತ್ತಿದ್ದಾಗ, ಅರದಾಳ, ಮಲ್ಲಿಗೆ, ಬೆವರು ಎಲ್ಲವನ್ನೂ ಪಕ್ಕಕ್ಕೆ ಸರಿಸಿಕೊಂಡು ಆ ವಾಸನೆ ಬಂತು. ಒಳಗೆ ಅರ್ಧ ವೇಷ ಕಟ್ಟಿದ್ದ ಹುಡುಗಿಯೊಬ್ಬಳು ಗೋಡೆಗೆ ಒರಗಿ ಕುಳಿತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಹೆಸರು ದೀಕ್ಷಾ, ಬಿ.ಕಾಂ. ಎರಡನೆಯ ವರ್ಷ. ಏನಾಯಿತೆಂದು ಕೇಳಿದೆ.

“ಎಡಗಾಲ್ ಎಳ್ದ್ ಎಳ್ದ್ ಮಂಡಿ ಊದಿತ್, ಮೇಡಂ,” ಎಂದಳು, ನಗುತ್ತಲೇ. “ಹಳೇ ಶೈಲಿ ಅಂಬ್ರಲೆ. ಹಂಗೇ ಮಾಡ್ಕ್ ಅಂಬ್ರ್ ನಮ್ ಮಾಷ್ಟ್ರ್.”

ನಾನು ಹೂಂ ಎಂದು ಹೋಗಿ ಮುಂದಿನ ಸಾಲಿನಲ್ಲಿ ಕುಳಿತೆ. ಮಧ್ಯಾಹ್ನದವರೆಗೆ ನೋಡಿದ್ದನ್ನು ಹೇಳಹೊರಟರೆ ನನ್ನ ರಕ್ತದೊತ್ತಡ ಮತ್ತೆ ಏರುತ್ತದೆ. ಒಂದು ತಂಡ ತೆಂಕುತಿಟ್ಟಿನವರ ಗಾಳಿಯಲ್ಲಿ ತಿರುಗುವ ದಿಗಿಣವನ್ನೂ ಬಡಗುತಿಟ್ಟಿನವರ ಮಂಡಿ ಕುಣಿತವನ್ನೂ ಒಂದೇ ಪದ್ಯಕ್ಕೆ ತುರುಕಿತ್ತು. ಮಂಡಿಯ ಮೇಲೆ ಎಷ್ಟು ಸುತ್ತು ಎಂದು ಪ್ರೇಕ್ಷಕರು ಗಟ್ಟಿಯಾಗಿ ಎಣಿಸುತ್ತಿದ್ದರು, ಕಬಡ್ಡಿಯ ಆಟದಲ್ಲಿ ಎಣಿಸಿದ ಹಾಗೆ. ಆ ಪಾತ್ರದವನು ಯಾಕೆ ಸುತ್ತುತ್ತಿದ್ದಾನೆ, ಅವನಿಗೆ ಸಿಟ್ಟೋ ದುಃಖವೋ ಯಾರಿಗೂ ಬೇಕಿರಲಿಲ್ಲ. ಇನ್ನೊಂದು ತಂಡದ್ದು ಹೊಸ ಪ್ರಸಂಗ. ಅದರಲ್ಲಿ ರಾಜನೂ ರಾಣಿಯೂ ಟೀವಿ ಧಾರಾವಾಹಿಯ ಅತ್ತೆಸೊಸೆಯರಂತೆ ಜಗಳವಾಡಿದರು, ಜಗಳದ ನಡುವೆ ಮೊಬೈಲಿನತ್ತ ತಿರುಗಿ ಭಂಗಿ ಕೊಟ್ಟರು. ಹುಡುಗಿಯರು ಕುಣಿಯುತ್ತಾರೆಂಬುದಕ್ಕೆ ನನಗೆ ಸಂತೋಷವೇ. ನನ್ನ ಕಾಲದಲ್ಲಿ ನನಗೆ ಸಿಕ್ಕಿದ್ದು ಜಗಲಿಯಲ್ಲಿ ಕುಳಿತು ತಾಳ ಹಾಕುವ ಕೆಲಸ ಮಾತ್ರ. ಆದರೆ ಇಷ್ಟು ಬೆವರು ಸುರಿಸುವ ಮಕ್ಕಳಿಗೆ ಯಾವುದು ಯಾವುದೆಂದು ಹೇಳಿಕೊಡುವವರೇ ಇಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಕೊನೆಗೆ ದೀಕ್ಷಾಳ ತಂಡ ಬಂತು. ರಾಜ ದಂಡೆತ್ತಿ ಹೊರಡುವಾಗಿನ ಪ್ರಯಾಣ ಕುಣಿತ. “ಬೀಜಾಡಿ ಕಡೆಯ, ನಶಿಸಿಯೇ ಹೋಗಿದ್ದ ಹೆಜ್ಜೆಯನ್ನು ನಮ್ಮ ಶಿಬಿರ ಉಳಿಸಿಕೊಂಡಿದೆ” ಎಂದು ನಿರೂಪಕ ಹೇಳಿದ. ಆರು ಹುಡುಗಿಯರು ಸಾಲಾಗಿ ಬಂದು, ಮೂರು ಹೆಜ್ಜೆ ಸೊಗಸಾಗಿ ಇಟ್ಟು, ನಾಲ್ಕನೆಯದಕ್ಕೆ ಎಡಗಾಲನ್ನು ನೆಲದ ಮೇಲೆ ಎಳೆದು ಅರ್ಧ ಮಾತ್ರೆ ತಡವಾಗಿ ಊರಿದರು. ಆ ತಡಕ್ಕೆ ಚೆಂಡೆ ಒಂದು ಪೆಟ್ಟು ಹೆಚ್ಚು ನುಡಿಯಿತು. ಅದು ನಮ್ಮ ಅಜ್ಜಯ್ಯನ ಹೆಜ್ಜೆ. ನೋಡಿದ ಕೂಡಲೇ ನನಗೆ ಸಿಟ್ಟು ಬಂತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಅದು ಸುಳ್ಳು. ಮೊದಲ ಎರಡು ನಿಮಿಷ ನನಗೆ ಹೆಮ್ಮೆಯಾಯಿತು. ಪಕ್ಕದ ತೀರ್ಪುಗಾರರಿಗೆ ಹೇಳಿಬಿಡೋಣ ಎಂದು ಬಾಯಿಯೂ ತೆರೆದಿದ್ದೆ. ಅಷ್ಟರಲ್ಲಿ ದೀಕ್ಷಾ ನಮ್ಮತ್ತ ತಿರುಗಿದಳು. ಎಡಗಾಲು ಎಳೆದಾಗಲೆಲ್ಲ ಅವಳ ತುಟಿಯ ಒಂದು ಮೂಲೆ ಬಿಗಿಯುತ್ತಿತ್ತು. ಆ ಬಿಗಿತವನ್ನು ನಾನು ಅಜ್ಜಯ್ಯನ ಮುಖದಲ್ಲಿ ಎಷ್ಟೋ ಸಲ ಕಂಡಿದ್ದೆ, ವೀರರಸ ಎಂದುಕೊಂಡಿದ್ದೆ.

ಬೀಜಾಡಿಯ ನಮ್ಮ ಮನೆಯಲ್ಲಿ ಇಬ್ಬರು ವೇಷಧಾರಿಗಳಿದ್ದರು. ಒಬ್ಬರು ಅಜ್ಜಯ್ಯ, ಇನ್ನೊಬ್ಬರು ಅಮ್ಮಮ್ಮನ ತಮ್ಮ ಶೀನಜ್ಜ. ಅಜ್ಜಯ್ಯ ಹಾರಾಡಿ ಕಡೆಯ ಗತ್ತಿನವರು. ರಂಗದ ಮೇಲೆ ಬಂದು ನಿಂತರೆ ಅರ್ಧ ಕೆಲಸ ಆಯಿತು ಎನ್ನುವವರು. ಒಂದು ಕೈ ಎತ್ತಲು ತಾಳದ ಎರಡು ಆವರ್ತ ತೆಗೆದುಕೊಳ್ಳುತ್ತಿದ್ದರು. ಶೀನಜ್ಜ ಮಟಪಾಡಿ ಕಡೆ ಕಲಿತವರು, ಅವರ ಜೀವವೆಲ್ಲ ಕಾಲಿನಲ್ಲಿ. ಮೇಳದ ತಿರುಗಾಟ ಮುಗಿದು ಇಬ್ಬರೂ ಮನೆಯಲ್ಲಿರುವ ತಿಂಗಳುಗಳಲ್ಲಿ, ಮಳೆ ಬಿಟ್ಟ ಮಧ್ಯಾಹ್ನ ಊಟವಾದ ಮೇಲೆ, ಕಡಲ ಮರಳು, ನಮ್ಮ ಹೊಯಿಗೆ, ಹರಡಿದ ಅಂಗಳದಲ್ಲಿ ಒಂದೇ ಪದ್ಯವನ್ನು ಒಬ್ಬರಾದ ಮೇಲೆ ಒಬ್ಬರು ಕುಣಿದು ತೋರಿಸುತ್ತಿದ್ದರು. ಗಂಜಿ ತಿಳಿಯ, ಒಣಗಿಸಿದ ಹುಣಸೆಯ, ಕಡಲ ಉಪ್ಪುಗಾಳಿಯ ವಾಸನೆಯ ನಡುವೆ ನಾನು ಜಗಲಿಯ ಅಂಚಿನಲ್ಲಿ ಕುಳಿತು ಅಂಗೈ ಕೆಂಪಾಗುವವರೆಗೆ ತಾಳ ಹಾಕುತ್ತಿದ್ದೆ. ಅವರ ಪಾದದ ಗುರುತು ಹೊಯಿಗೆಯಲ್ಲಿ ಉಳಿಯುತ್ತಿತ್ತು: ಒಬ್ಬರದು ಆಳವಾಗಿ, ದೂರ ದೂರ, ಇನ್ನೊಬ್ಬರದು ಕೋಳಿ ಕೆದಕಿದ ಹಾಗೆ ಒತ್ತೊತ್ತಾಗಿ.

“ಭಾವಯ್ಯ, ನೀವ್ ಮಾಡೂದ್ ಕುಣಿತ ಅಲ್ಲ, ದೇವಸ್ಥಾನಕ್ಕೆ ಒಂದ್ ಸುತ್ತ್ ಬಪ್ದ್,” ಎನ್ನುತ್ತಿದ್ದರು ಶೀನಜ್ಜ.

“ನೀನ್ ಕುಣಿಯೂದ್ ಕಂಡ್ರೆ ಪಂಚಿ ಒಳ್ಗೆ ಕೆಂಜಿಗ ಹೊಕ್ಕಿತ್ ಅಂದ್ಕಂತ್ರ್ ಮಂದಿ,” ಎನ್ನುತ್ತಿದ್ದರು ಅಜ್ಜಯ್ಯ.

ಅಮ್ಮಮ್ಮ ಒಳಗಿನಿಂದ, “ಕುಣ್ದದ್ ಸಾಕ್, ಒಬ್ರ್ ಹೋಯಿ ಬಾವಿಯಿಂದ ನೀರ್ ಎಳೀನಿ,” ಎಂದು ಕೂಗಿದರೆ ಎರಡು ಶೈಲಿಗಳೂ ಒಟ್ಟಿಗೆ ಮಾಯವಾಗುತ್ತಿದ್ದವು. ಶೈಲಿಗಳ ಹೋಲಿಕೆಯ ಮೇಲೆ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಓದಿದ್ದೇನೆ. ಆ ಅಂಗಳದಲ್ಲಿ ಕೇಳಿದ್ದಕ್ಕಿಂತ ಸ್ಪಷ್ಟವಾದ ಮಾತು ಎಲ್ಲಿಯೂ ಸಿಗಲಿಲ್ಲ. ಈಗ ಆ ಅಂಗಳಕ್ಕೆ ಇಂಟರ್‌ಲಾಕ್ ಹಾಸಿ, ಹೋಮ್‌ಸ್ಟೇಗೆ ಬರುವವರ ಕಾರು ನಿಲ್ಲಿಸುತ್ತಾರೆ.

ಸ್ಪರ್ಧೆ ಮುಗಿದ ಮೇಲೆ ಆ ತಂಡದ ಗುರು ಸುಧಾಕರನನ್ನು ಹುಡುಕಿಕೊಂಡು ಹೋದೆ. ನಲವತ್ತರ ಆಸುಪಾಸಿನ, ಕಷ್ಟಪಟ್ಟು ಶಿಬಿರ ನಡೆಸುವ ಮನುಷ್ಯ. ನಾನು ಸಿಟ್ಟಿನಲ್ಲಿ ಏನೇನೋ ಹೇಳಿದೆ. ಮುದುಕನ ಕುಂಟನ್ನು ಮಕ್ಕಳಿಗೆ ಹೇಳಿಕೊಡುತ್ತೀರಾ, ಆ ಹುಡುಗಿಯ ಮಂಡಿ ನೋಡಿದ್ದೀರಾ ಎಂದೆಲ್ಲ. ಅವನು ಸಿಟ್ಟಾಗಲಿಲ್ಲ, ಬೆಪ್ಪಾದ.

“ಇದ್ ನಾನ್ ಹುಟ್ಸದ್ದಲ್ಲ, ಮೇಡಂ. ನಿಮ್ ಪುಸ್ತಕ್ದಗೇ ಇತ್ತಲೆ! ನಾನ್ ಅದನ್ ಓದಿಯೇ ಕಲ್ಸದ್ದ್.” ಬ್ಯಾಗಿನಿಂದ ಒಂದು ಕಟ್ಟು ಕಾಗದ ತೆಗೆದ. ಶಿಬಿರದ ಪಠ್ಯವಂತೆ, ಮುಂದಿನ ವಾರ ಅಚ್ಚಿಗೆ ಹೋಗುತ್ತದಂತೆ. “ಇದೇ ಒಂದ್ನೇ ಪಾಠ. ಮುನ್ನುಡಿ ನೀವೇ ಬರೀಕ್ ಅಂದೇಳಿ ಕೇಂಬುಕಿದ್ದೆ.”

ಬ್ರಹ್ಮಾವರದ ಮನೆಗೆ ಬಂದು ನನ್ನ ಪ್ರಬಂಧದ ಪುಸ್ತಕ ತೆರೆದೆ. ಇತ್ತು. ‘ಎಡಗಾಲಿನ ಎಳೆತ ಈ ಪರಂಪರೆಯ ವಿಶಿಷ್ಟ ಲಕ್ಷಣ.’ ಅದರ ಕೆಳಗೆ, ಕಡಲ ದಂಡೆಯ ಹೊಯಿಗೆಯಲ್ಲಿ ಕಾಲು ಹೂತು ನಡೆಯುವವರ ನಡಿಗೆಯಿಂದ ಇದು ಬಂದಿರಬಹುದೆಂದು ಒಂದು ಪುಟದಷ್ಟು ವಿವರಣೆ. ಇಪ್ಪತ್ತೆಂಟರ ವಯಸ್ಸಿನಲ್ಲಿ ಎಷ್ಟು ಧೈರ್ಯದಿಂದ ಬರೆದಿದ್ದೇನೆ! ಒಬ್ಬರನ್ನಾದರೂ ಕೇಳಬೇಕೆಂದು ಅನಿಸಲಿಲ್ಲ, ಯಾಕೆಂದರೆ ಕಣ್ಣಾರೆ ಕಂಡವಳು ನಾನೇ ಅಲ್ಲವೇ? ಅಜ್ಜಯ್ಯನ ಮಂಡಿಗೆ ಪೆಟ್ಟಾದದ್ದು ನನಗೆ ಗೊತ್ತಿತ್ತು. ನನಗೆ ಏಳು ವರ್ಷವಿದ್ದಾಗ ಅವರು ತೋಡು ದಾಟುವ ಸಂಕದಿಂದ, ಅಂದರೆ ಕಾಲುಸೇತುವೆಯಿಂದ, ಜಾರಿ ಬಿದ್ದಿದ್ದರು. ಆ ಅಡಿಕೆ ಮರದ ಸಂಕ, ಪಂಚೆಗೆ ಮೆತ್ತಿದ್ದ ಕೆಸರು, ಶೀನಜ್ಜ ಹೆಗಲು ಕೊಟ್ಟು ಕರೆದುತಂದದ್ದು, ಎಲ್ಲವೂ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಎಣ್ಣೆ ತಿಕ್ಕಿ ತಿಕ್ಕಿ ಅದು ವಾಸಿಯಾಯಿತೆಂದೇ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ. ನಡೆಯುವಾಗ ಅವರು ಕುಂಟುತ್ತಿರಲಿಲ್ಲ. ಅಥವಾ ಕುಂಟುತ್ತಿದ್ದರೇನೋ, ನಾನು ನೋಡಿದ್ದು ಕುಣಿತವನ್ನು ಮಾತ್ರವೋ ಏನೋ.

ಬಿದ್ದ ಮೇಲೆ ಈ ಎಳೆತ ಬಂತೋ, ಮೊದಲೇ ಇತ್ತೋ? ಹೇಳಬಲ್ಲವರು ಒಬ್ಬರೇ ಉಳಿದಿದ್ದರು, ಚೆಂಡೆಯ ಸೂರಣ್ಣ. ಅಜ್ಜಯ್ಯನ ಮೇಳದಲ್ಲಿ ಹರೆಯದಿಂದಲೇ ಚೆಂಡೆ ಬಾರಿಸಿದವರು, ಈಗ ನಾವುಂದದಲ್ಲಿ ಮಗಳ ಮನೆಯಲ್ಲಿದ್ದಾರೆ. ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿದೆ. ಮಗಳು ಅಂಗಳದಲ್ಲಿ ಮೀನು ಒಣಹಾಕಿದ್ದಳು. ಸೂರಣ್ಣ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಚೆಂಡೆಯ ಕೋಲಿನಿಂದ ಕಾಗೆ ಅಟ್ಟುತ್ತಿದ್ದರು.

“ಹ್ವಾಯ್, ಯಾರದ್?” ಎಂದರು. ಹೇಳಿದೆ. “ಓ, ಬೀಜಾಡಿ ತಾಳದ್ ಹೆಣ್ಣಾ? ನಿನ್ ತಾಳ ಯಾವತ್ತೂ ಒಂಚೂರ್ ಮುಂದ್ ಓಡ್ತಿತ್ತ್. ಕೂಕೋ, ಕೂಕೋ. ಕೈಯಗೆ ಈ ಕೋಲ್ ಕಂಡ್ ನೆಗಾಡ್ಬೇಡ. ಕಾಗಿ ಆದ್ರೂ ನನ್ ಚೆಂಡಿಗ್ ಹೆದ್ರತ್.”

ನಾನು ಪುಸ್ತಕದ, ಶಿಬಿರದ ಕತೆಯೆಲ್ಲ ಹೇಳಿ ಸಂಕದ ವಿಷಯ ತೆಗೆದೆ. ಅವರು ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡರು.

“ಸಂಕ ಎಲ್ಲಿತ್, ಹೆಣೆ? ನಿಮ್ ತೋಡಿಗೆ ಸಂಕವೇ ಇರ್ಲಿಲ್ಲೆ, ಕಲ್ ಹಾಕಿದ್ದ್. ಮನಿಯಗೆ ಹೇಳೂಕ್ ನಾಚ್ಕಿ ಆಯಿ ಮೂರ್ ಜನ ಸೇರಿ ಕಟ್ಟಿದ್ ಸುಳ್ಳ್ ಅದ್. ಅಜ್ಜಯ್ಯ, ನಿಮ್ ಶೀನಜ್ಜ, ನಾನ್.”

ಆದದ್ದು ಬೈಂದೂರು ಕಡೆಯಲ್ಲಿ ಮೇಳದ ಒಂದು ಆಟದಲ್ಲಿ. ಭಾವ ಮೈದುನರಿಬ್ಬರೂ ಒಂದೇ ಪ್ರಸಂಗದಲ್ಲಿ ಎದುರಾಳಿಗಳು. ಶೀನಜ್ಜ ಮಂಡಿ ಹಾಕಿ ಸುತ್ತಿದರು, ಶಿಳ್ಳೆ ಬಿತ್ತು. ಅಜ್ಜಯ್ಯ ತಮ್ಮ ಗತ್ತಿನಲ್ಲಿ ಬಂದು ನಿಂತರು. ಯಾರೋ ಹಿಂದಿನಿಂದ, “ನಿಂತದ್ದ್ ಸಾಕ್, ತಿರ್ಗಿನಿ!” ಎಂದು ಕೂಗಿದರಂತೆ. ಐವತ್ತು ದಾಟಿದ, ಹುಟ್ಟಿದಂದಿನಿಂದ ಮಂಡಿ ಹಾಕದ ಮನುಷ್ಯ ರಂಗದ ಹಲಗೆಯ ಮೇಲೆ ಮಂಡಿ ಊರಿದರು. ಎರಡು ಸುತ್ತು ಬಂದರು. ಮೂರನೆಯದಕ್ಕೆ ಎರಡು ಹಲಗೆಗಳ ಸಂದಿಗೆ ಮಂಡಿ ಸಿಕ್ಕಿತು.

“ಮೇಲೆ ಎದ್ದ್ ಪದ್ಯ ಮುಗ್ಸ್‌ರ್. ಆದ್ರೆ ಎಡಗಾಲ್ ಬತ್ತಿಲ್ಲೆ, ಎಳೀತಿದ್ರ್. ತಾಳ ತಪ್ಪುತ್ ಅಂದೇಳಿ ನಾನ್ ಒಂದ್ ಪೆಟ್ಟ್ ಜಾಸ್ತಿ ಹಾಕ್ದೆ. ಮಂದಿಗ್ ಗೊತ್ತಾಯ್ಲಿಲ್ಲೆ. ಮತ್ತ್ ಅವ್ರ್ ಕುಣೂದ್ ಬಿಡುವರಿಗೂ ಹಂಗೇ ಹಾಕ್ದೆ. ನಾನ್ ಮುಚ್ಚದ್ದನ್ನ ನೀವ್ ಪುಸ್ತಕ್ದಗೆ ಬರ್ದ್ ಕಲ್ಸೂದಾ?” ಸೂರಣ್ಣ ನಕ್ಕರು. ನಗು ಕೆಮ್ಮಾಗಿ, ಮಗಳು ನೀರು ತಂದುಕೊಡಬೇಕಾಯಿತು.

ನನಗೆ ನಗು ಬರಲಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಅಲ್ಲಿಗೆ ಬರುವಾಗ ಸಿಟ್ಟು ಮಾಡಲು ನನಗೆ ಬೇಕಾದಷ್ಟು ಜನರಿದ್ದರು: ಶಿಳ್ಳೆ ಹಾಕುವವರು, ಎಣಿಸುವವರು, ಎಲ್ಲ ತಿಟ್ಟನ್ನೂ ಒಂದೇ ಪಾತ್ರೆಗೆ ಹಾಕಿ ಕಲಸುವವರು. ಹಿಂದಿನಿಂದ ಕೂಗಿದ ಆ ಹೆಸರಿಲ್ಲದ ಮನುಷ್ಯನ ಮೇಲೆ ಈಗಲೂ ನನಗೆ ಕುದಿಯುವಷ್ಟು ಕೋಪವಿದೆ. ಅವನು ಸತ್ತಿಲ್ಲ; ಹೋದ ತಿಂಗಳು ಆ ಸಭಾಭವನದಲ್ಲಿಯೂ ಎಣಿಸುತ್ತ ಕುಳಿತಿದ್ದ. ಆದರೆ ಅವನು ಮುರಿದದ್ದು ಒಂದು ಮಂಡಿ. ಆ ಮುರಿದ ಮಂಡಿಗೆ ಪರಂಪರೆ ಎಂದು ಹೆಸರು ಕೊಟ್ಟು, ಅಡಿಟಿಪ್ಪಣಿ ಬರೆದು, ಪದವಿ ಪಡೆದು, ಆರು ಹುಡುಗಿಯರ ಕಾಲಿಗೆ ಕಟ್ಟಿದವಳು ನಾನು. ಬಾಳಿಡೀ ಮಂಡಿ ಹಾಕದೆ ನಿಂತವರ ಶೈಲಿ ಎಂದು ನಾನು ಜಗತ್ತಿಗೆ ತೋರಿಸಿದ್ದು, ಅವರು ಅದನ್ನು ಬಿಟ್ಟುಕೊಟ್ಟ ಒಂದೇ ಒಂದು ದಿನದ ಗಾಯವನ್ನು. ಇನ್ನು ಆ ಸಂಕ! ಇಲ್ಲದ ಸಂಕದಿಂದ ಬಿದ್ದ ಮನುಷ್ಯನ ಪಂಚೆಯ ಮೇಲೆ ನಾನು ಕೆಸರು ಕಂಡಿದ್ದೇನೆ. ಕೇಳಿದ ಸುಳ್ಳನ್ನು ನೋಡಿದ ನೆನಪಾಗಿ ಮಾಡಿಕೊಳ್ಳುವ ಕಣ್ಣು ನನ್ನದು. ಹಾಗಿದ್ದರೆ ಮೇಲೆ ಬರೆದ ಹೊಯಿಗೆಯ ಅಂಗಳ, ಕೋಳಿ ಕೆದಕಿದಂಥ ಹೆಜ್ಜೆ, ಕೆಂಜಿಗದ ಮಾತು, ಇವುಗಳಲ್ಲಿ ಎಷ್ಟು ನಿಜ? ಓದುವವರಿಗೆ ನಾನು ಏನೆಂದು ಪ್ರಮಾಣ ಮಾಡಲಿ?

ಸೂರಣ್ಣನ ಅಂಗಳದಿಂದಲೇ ಸುಧಾಕರನಿಗೆ ಫೋನು ಮಾಡಿದೆ. ಒಂದನೆಯ ಪಾಠ ತೆಗೆದುಬಿಡಿ, ತಪ್ಪು ನನ್ನದು, ಮುನ್ನುಡಿಯಲ್ಲಿ ಹಾಗೆಂದೇ ಬರೆಯುತ್ತೇನೆ, ದೀಕ್ಷಾಳನ್ನು ವೈದ್ಯರಿಗೆ ತೋರಿಸಿ ಎಂದೆ. ಅವನು, “ಆಯ್ತ್ ಮೇಡಂ, ತೆಗಿತೆ. ಬದ್ಲಿಗ್ ಎಂತ ಹಾಕೂದ್?” ಎಂದು ಕೇಳಿದ. ಕೇಳಿದ್ದು ನ್ಯಾಯವಾಗಿಯೇ ಇತ್ತು. ಏಳು ವರ್ಷದವರೆಗೆ ನಾನು ಅಜ್ಜಯ್ಯನ ಸರಿಯಾದ ಹೆಜ್ಜೆಯನ್ನು, ಅವರು ಮನೆಯಲ್ಲಿದ್ದ ತಿಂಗಳುಗಳಲ್ಲೆಲ್ಲ, ನೋಡಿರಲೇಬೇಕು. ಅದರ ಒಂದು ಎಳೆಯೂ ನನ್ನಲ್ಲಿಲ್ಲ. ತಿರುಗಿ ಹೇಳುತ್ತೇನೆ ಎಂದು ಫೋನು ಇಟ್ಟು ಸೂರಣ್ಣನ ಕಡೆ ನೋಡಿದೆ. ಅವರು ಕೇಳಿಸಿಕೊಂಡಿದ್ದರು.

“ಬಾರ್ಸಿ ಕಾಂಬ,” ಎಂದು ಕುರ್ಚಿಯ ಕೈಯ ಮೇಲೆ ಕೋಲು ಹಾಕತೊಡಗಿದರು. ತೈ ತತ್ತ ಧಿತ್ತ ತೈ. ಮೂರು ಹೆಜ್ಜೆಯ ನುಡಿ ಮುಗಿಯಿತು. ನಾಲ್ಕನೆಯದರ ಹತ್ತಿರ ಬಂದು ಕೋಲು ಎತ್ತಿ ಹಿಡಿದರು, ಹೊಡೆಯಲಿಲ್ಲ. ಒಂದು ಮಾತ್ರೆಯಷ್ಟು ಬಿಟ್ಟು ಮತ್ತೆ ಮುಂದುವರಿಸಿದರು.

“ಇಲ್ಲಿ ಅವ್ರ್ ಎಂತದೋ ಒಂದ್ ಮಾಡ್ತಿದ್ರ್, ಹೆಣೆ. ಕಾಲ್ ಎತ್ತಿ, ಇಡ್ದೆ, ಹಂಗೇ... ನಂಗ್ ಕಣ್ಣಿಗ್ ಬತ್ತ್. ಹೇಳೂಕ್ ಬತ್ತಿಲ್ಲೆ.”

ಎದ್ದು ತೋರಿಸಲು ಹೋದರು, ಕಾಲು ಒಪ್ಪಲಿಲ್ಲ, ಕುಳಿತರು. ಮತ್ತೊಮ್ಮೆ ಮೊದಲಿನಿಂದ ಬಾರಿಸಿದರು, ಈ ಸಲ ಕಣ್ಣು ಮುಚ್ಚಿಕೊಂಡು. ಕಾಗೆಗಳು ಮೀನಿನ ಮೇಲೆ ಇಳಿದವು, ಮಗಳು ಅಟ್ಟಲಿಲ್ಲ. ಖಾಲಿ ಮಾತ್ರೆ ಬಂದಾಗ ಅವರ ತಲೆ ಮೆಲ್ಲಗೆ ಒಂದು ಬದಿಗೆ ವಾಲಿತು, ಮುಖ ಅರಳಿತು. ಆ ಮುಚ್ಚಿದ ಕಣ್ಣಿನೊಳಗೆ ಅಜ್ಜಯ್ಯ ಹೆಜ್ಜೆ ಇಡುತ್ತಿದ್ದರು. ನಾನು ಎದುರಿಗೇ ಕುಳಿತಿದ್ದೆ.