ಪರದೆಯ ಹಿಂದಿನ ಎರಡು ಪೆಟ್ಟಿಗೆಗಳು

ಮಸ್ಕತ್ತಿನ ರೂವಿಯಲ್ಲಿ ಹಳೆಯ ರೇಡಿಯೋ, ಟೇಪ್‌ರೆಕಾರ್ಡರ್, ಆಂಪ್ಲಿಫೈಯರ್ ಕೆಟ್ಟರೆ ಜನ ಸಂಕಪ್ಪನ ಅಂಗಡಿಯನ್ನು ಹುಡುಕಿಕೊಂಡು ಬರುತ್ತಾರೆ. ಪುತ್ತೂರಿನ ಕಡೆಯ ಸಂಕಪ್ಪ ಮಂಗಳೂರಿನಲ್ಲಿ ರೇಡಿಯೋ ರಿಪೇರಿ ಕಲಿತು, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಒಮಾನಿಗೆ ಬಂದವನು. ಈಗ ಐವತ್ತೇಳು. ವಿಸಿಆರ್ ಬಂತು, ಹೋಯಿತು. ಸಿಡಿ ಬಂತು, ಹೋಯಿತು. ಅಂಗಡಿಯ ಕಫೀಲ್, ಅಂದರೆ ಪರವಾನಗಿ ತನ್ನ ಹೆಸರಲ್ಲಿಟ್ಟುಕೊಂಡ ಒಮಾನಿ, ಎರಡು ಸಲ ಬದಲಾದ. ಸಂಕಪ್ಪನ ಒಂದು ಮಾತು ಮಾತ್ರ ಬದಲಾಗಲಿಲ್ಲ: "ರಿಸೀವರ್ ಸಿನಿಮಾ ನೋಡ್ಲಿಕ್ಕೆ. ಹಾಡು ಕೇಳ್ಲಿಕ್ಕೆ ಆಂಪ್ಲಿಫೈಯರೇ ಆಗ್ಬೇಕು. ಅದರಲ್ಲಿ ಚರ್ಚೆ ಇಲ್ಲ."

ದಾರ್ಸೈಟಿನ ಅವನ ಫ್ಲ್ಯಾಟಿನಲ್ಲಿ ಈ ಮಾತಿಗೆ ಒಂದು ಸಾಕ್ಷಿಯೂ ಇತ್ತು. ಮತ್ರಾಹದ ಒಂದು ಮನೆಯವರು ಎಸೆಯಲು ಹೊರಟಿದ್ದ, ಹದಿನಾಲ್ಕು ಕಿಲೋ ತೂಗುವ ಹಳೆಯ ಜಪಾನಿ ಆಂಪ್ಲಿಫೈಯರ್. ಎದುರುಗಡೆ ಎರಡು ಮೀಟರು, ಸದ್ದಿನ ಜೊತೆ ಕುಣಿಯುವ ಎರಡು ಮುಳ್ಳು. ಸಂಕಪ್ಪ ಎಂಟು ವಾರ ಕೂತು ಅದನ್ನು ಒಂದೊಂದೇ ಬಿಡಿಭಾಗ ಬದಲಿಸಿ ಬದುಕಿಸಿದ್ದ. ಅದು ಮೂರು ವರ್ಷದ ಹಿಂದಿನ ಮಾತು.

ಅಲ್ ಗುಬ್ರಾದ ಅನೂಪ್ ಅವನಿಗೆ ಪರಿಚಯವಾದದ್ದೂ ಅಂಗಡಿಯಲ್ಲೇ. ಅನೂಪ್ ಮೈಸೂರಿನವನು, ಒಂದು ಎಂಜಿನಿಯರಿಂಗ್ ಕಂಪನಿಯಲ್ಲಿ ಡಿಸೈನ್ ಕೆಲಸ. ಹೆಂಡತಿ ಮಾನ್ಯಾ ಫಾರ್ಮಸಿಸ್ಟ್. ಅನೂಪ್ ಹೊಸದಾಗಿ ಒಂಬತ್ತು ಚಾನೆಲ್ಲಿನ, ಅಂದರೆ ಒಂಬತ್ತು ಸ್ಪೀಕರುಗಳನ್ನು ಒಟ್ಟಿಗೆ ನುಡಿಸುವ ರಿಸೀವರ್ ತಂದಿದ್ದ. ಟಿವಿ, ಸಿನಿಮಾ, ಹಾಡು ಎಲ್ಲಕ್ಕೂ ಅದೊಂದೇ ಪೆಟ್ಟಿಗೆ. ಒಂದು ಪುಟ್ಟ ಮೈಕನ್ನು ಸೋಫಾದ ಮೇಲಿಟ್ಟರೆ ಅದು ಕೋಣೆಯನ್ನೇ ಅಳೆದು ಸದ್ದನ್ನು ತಿದ್ದಿಕೊಳ್ಳುತ್ತಿತ್ತು.

"ಸಂಕಪ್ಪಣ್ಣ, ಕಾಲ ಎಲ್ಲೋ ಹೋಗಿದೆ, ನೀವು ಇನ್ನೂ ಮುಳ್ಳು ಕುಣಿಸ್ಕೊಂಡು ಕೂತಿದ್ದೀರ" ಎಂದು ಅವನು ಒಂದು ದಿನ ಅಂಗಡಿಯಲ್ಲಿ ಛೇಡಿಸಿದ.

"ಅನೂಪ್ ಸರ್, ನಿಮ್ಮ ಪೆಟ್ಟಿಗೆಗೆ ಒಂಬತ್ತು ಬಾಯಿ ಉಂಟು. ಗಂಟಲು ಒಂದೇ" ಎಂದ ಸಂಕಪ್ಪ.

ಜೊತೆಯಲ್ಲಿದ್ದ ಮಾನ್ಯಾ ನಕ್ಕಳು. "ಇಬ್ಬರೂ ಬಾಯಲ್ಲಿ ಹೇಳಿದ್ರೆ ಆಯ್ತಾ? ಹೊಸ ಔಷಧಿ ಪರೀಕ್ಷೆ ಮಾಡೋವಾಗ ಯಾರಿಗೆ ಯಾವ ಮಾತ್ರೆ ಕೊಟ್ವಿ ಅಂತ ರೋಗಿಗೆ ಹೇಳೋದಿಲ್ಲ. ಎರಡೂ ಪೆಟ್ಟಿಗೆ ಪರದೆ ಹಿಂದೆ ಇಡೋಣ. ಯಾವುದು ಹಾಡ್ತಿದೆ ಅಂತ ಕಿವಿಯಲ್ಲೇ ಹೇಳಿ ನೋಡೋಣ."

ಸಂಕಪ್ಪನ ಕಣ್ಣು ಮಿಂಚಿತು. "ಯಲ್ಲಾ! ಆಗ್ಲಿ, ಶುಕ್ರವಾರ ಬರ್ತೇನೆ."

ಮೇ ತಿಂಗಳ ಆ ಶುಕ್ರವಾರ ಊಟವಾದ ಕೂಡಲೇ ಸಂಕಪ್ಪ ಆಂಪ್ಲಿಫೈಯರನ್ನು ಹಾಸಿಗೆ ಹೊದಿಕೆಯಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದ. ಹೆಂಡತಿ ಸುಂದರಿಯೂ ಹೊರಟಳು. ಅವಳು ರೂವಿಯ ಹೆಂಗಸರ ಹೊಲಿಗೆ ಅಂಗಡಿಯೊಂದರಲ್ಲಿ ಹದಿನಾಲ್ಕು ವರ್ಷದಿಂದ ಟೈಲರ್. ಮಾನ್ಯಾಳ ಎರಡು ರವಿಕೆಗಳಿಗೆ ಹುಕ್ಕು ಹಾಕಿಕೊಡುವುದಿತ್ತು. ಆಂಪ್ಲಿಫೈಯರಿನ ವಿಷಯ ಅವಳಿಗೆ ಬೇಕಿರಲಿಲ್ಲ.

ಅನೂಪನ ಹಾಲಿನಲ್ಲಿ ಸೊಂಟದೆತ್ತರದ ಎರಡು ಭಾರೀ ಸ್ಪೀಕರುಗಳು ನಿಂತಿದ್ದವು. ಸಂಕಪ್ಪ ತಾನೇ ಮಾಡಿದ ಒಂದು ಸ್ವಿಚ್ ಡಬ್ಬಿ ತಂದಿದ್ದ. ಅದನ್ನು ತಿರುಗಿಸಿದರೆ ಅದೇ ಸ್ಪೀಕರುಗಳಿಗೆ ಒಮ್ಮೆ ರಿಸೀವರ್, ಒಮ್ಮೆ ಆಂಪ್ಲಿಫೈಯರ್ ಸೇರುತ್ತಿತ್ತು. ಮಾನ್ಯಾ ಎರಡು ಕುರ್ಚಿಗಳ ನಡುವೆ ಬೆಡ್‌ಶೀಟ್ ಕಟ್ಟಿ ಪೆಟ್ಟಿಗೆಗಳನ್ನೂ ಡಬ್ಬಿಯನ್ನೂ ಮರೆಮಾಡಿದಳು. ಕೇಳಲು ಆರಿಸಿದ್ದು ಅವಳ ತಾಯಿ ಪದ್ಮಮ್ಮನವರ ವೀಣೆ. ಮೈಸೂರಿನ ಮನೆಯಲ್ಲಿ ಅನೂಪನೇ ಅದನ್ನು ರೆಕಾರ್ಡ್ ಮಾಡಿಕೊಂಡು ಬಂದಿದ್ದ.

"ಎಸಿ ಬಂದ್ ಮಾಡಿ. ಗುಂಯ್ ಅನ್ನುದರಲ್ಲಿ ಎಂಥ ಕೇಳ್ತದೆ?" ಎಂದ ಸಂಕಪ್ಪ. ಹೊರಗೆ ನಲವತ್ತೆರಡು ಡಿಗ್ರಿ. ಎಸಿ ನಿಂತು ಎರಡೇ ನಿಮಿಷಕ್ಕೆ ಎಲ್ಲರ ಹಣೆಯಲ್ಲೂ ಬೆವರು.

ಮೊದಲ ಸಲ ಎರಡನ್ನೂ ಸುಮ್ಮನೆ ನುಡಿಸಿ ನೋಡಿದರು. ಎರಡರಲ್ಲಿ ಒಂದು ಎಲ್ಲರಿಗೂ ಚೆಂದ ಕೇಳಿಸಿತು. ಮಾನ್ಯಾ ಪರದೆ ಸರಿಸಿದರೆ ಅದು ರಿಸೀವರ್! ಅನೂಪ್ ಚಪ್ಪಾಳೆ ತಟ್ಟಿದ. ಸಂಕಪ್ಪನ ಮುಖ ಕೆಂಪಗಾಯಿತು. ತಾನೂ ಅದನ್ನೇ ಮೆಚ್ಚಿದ್ದನಲ್ಲ! ಅವನು ಓಡಿಹೋಗಿ ಕಾರಿನಿಂದ ಮಲ್ಟಿಮೀಟರ್ ತಂದು ಸ್ಪೀಕರಿನ ತಂತಿಗೆ ಹಿಡಿದ.

"ನೋಡಿ, ನೋಡಿ! ನಿಮ್ಮದು ಜೋರುಂಟು. ಕೂದಲೆಳೆಯಷ್ಟು ಜೋರಾದ್ರೂ ಮನುಷ್ಯನ ಕಿವಿಗೆ ಅದೇ ಚೆಂದ. ಅಂಗಡಿಯವರು ಮಾಲು ಖಾಲಿ ಮಾಡುದೇ ಹಾಗೆ. ಮತ್ತೆ ನಿಮ್ಮ ಮೈಕಿನ ತಿದ್ದುಪಡಿಯನ್ನೂ ತೆಗೀರಿ. ತಿದ್ದಿದ ಸದ್ದಿಗೂ ತಿದ್ದದ ಸದ್ದಿಗೂ ಹೋಲಿಕೆ ಮಾಡಿದ್ರೆ ಲೆಕ್ಕ ತಪ್ಪುತ್ತದೆ."

ಅನೂಪ್ ಒಪ್ಪಿದ. ಒಂದೇ ಸಮನಾದ ಸ್ವರವೊಂದನ್ನು ನುಡಿಸಿ, ಮೀಟರು ನೋಡುತ್ತ ಎರಡರ ಸದ್ದನ್ನೂ ಸರಿಸಮ ಮಾಡಿದರು. ಈಗ ನಿಜವಾದ ಪರೀಕ್ಷೆ. ಒಂದು, ಎರಡು ಎಂದಷ್ಟೇ ಹೆಸರು. ಯಾವುದು ಒಂದು, ಯಾವುದು ಎರಡು ಎಂಬುದು ಪರದೆಯ ಹಿಂದಿನ ಮಾನ್ಯಾಳಿಗೆ ಮಾತ್ರ ಗೊತ್ತು. ಮೊದಲು ಎರಡನ್ನೂ ಹೆಸರು ಹೇಳಿ ಕೇಳಿಸುತ್ತಾಳೆ. ಆಮೇಲೆ ಮನಬಂದಂತೆ ಹತ್ತು ಸಲ ನುಡಿಸುತ್ತಾಳೆ. ಕೇಳುವವರು ಒಂದೋ ಎರಡೋ ಹೇಳಬೇಕು.

ಅನೂಪನಿಗೆ ಹತ್ತರಲ್ಲಿ ಆರು ಸರಿಯಾಯಿತು.

ಸಂಕಪ್ಪ ಕಣ್ಣು ಮುಚ್ಚಿ, ಬೆರಳು ಜೋಡಿಸಿ ಕುಳಿತ. ಪ್ರತಿ ಉತ್ತರವನ್ನೂ ಗಟ್ಟಿಯಾಗಿ ಹೇಳಿದ. ಮಾನ್ಯಾ ತಾನು ನುಡಿಸಿದ ಕ್ರಮ ಬರೆದಿಟ್ಟ ಚೀಟಿ ನೋಡಿ ಎಣಿಸಿದಳು.

"ನಾಲ್ಕು, ಸಂಕಪ್ಪಣ್ಣ."

"ನಾಲ್ಕು ತಪ್ಪಾ?"

"ನಾಲ್ಕು ಸರಿ."

ಇಪ್ಪತ್ತೊಂಬತ್ತು ವರ್ಷ ಗಿರಾಕಿಗಳಿಗೆ ಬುದ್ಧಿ ಹೇಳಿದ ಮನುಷ್ಯ ಬೆವರು ಒರೆಸಿಕೊಳ್ಳುವುದನ್ನೂ ಮರೆತು ಕುಳಿತ. ಅನೂಪನಿಗೂ ನಗಲು ಮನಸ್ಸಾಗಲಿಲ್ಲ. ಮಾತು ಬದಲಿಸಲು ಮಾನ್ಯಾ ಮೂಲೆಯಲ್ಲಿ ಹುಕ್ಕು ಹಾಕುತ್ತಿದ್ದ ಸುಂದರಿಯನ್ನು ಕರೆದಳು. "ಅಕ್ಕ, ನೀವೂ ಒಂದ್ಸಲ ಕೇಳಿ."

"ನನಗೆ ಎಂಥ ಗೊತ್ತಾಗ್ತದೆ ಮಾರಾಯ್ರೆ?" ಎಂದಳು ಸುಂದರಿ. ಆದರೂ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಸೋಫಾಕ್ಕೆ ಬಂದಳು.

ವೀಣೆ ನುಡಿಯಿತು. "ಎರಡು" ಎಂದಳು. ಮತ್ತೆ ನುಡಿಯಿತು. "ಇದೂ ಎರಡು." ಮತ್ತೆ. "ಇದು ಒಂದು." ತಡಬಡಿಕೆಯೇ ಇಲ್ಲ. ಹತ್ತು ಮುಗಿದಾಗ ಮಾನ್ಯಾ ಚೀಟಿ ಹಿಡಿದುಕೊಂಡು ಪರದೆಯ ಹಿಂದಿನಿಂದ ಎದ್ದೇ ಬಂದಳು. "ಹತ್ತಕ್ಕೆ ಹತ್ತು!"

"ಸುಮ್ಮನೆ ತಾಗಿರ್ಬೇಕು" ಎಂದ ಸಂಕಪ್ಪ.

ಇನ್ನೊಮ್ಮೆ ಮಾಡಿದರು. ಮಾನ್ಯಾ ಸ್ವಿಚ್ಚಿನ ಸದ್ದಿನಿಂದ ಸುಳಿವು ಸಿಗದಂತೆ ಪ್ರತಿ ಸಲ ಸುಳ್ಳುಸುಳ್ಳಾಗಿ ಅದನ್ನು ಹತ್ತಾರು ಸಲ ತಿರುಗಿಸಿದಳು. ಮತ್ತೆ ಹತ್ತಕ್ಕೆ ಹತ್ತು! ಈಗ ಅನೂಪ್ ನೆಲದ ಮೇಲೇ ಕುಳಿತುಬಿಟ್ಟ. "ಅಕ್ಕ, ಹೇಗೆ ಹೇಳ್ತಿದ್ದೀರ? ದಯವಿಟ್ಟು ಹೇಳಿ."

"ಒಂದು ಸ್ವಚ್ಛ ಉಂಟು" ಎಂದಳು ಸುಂದರಿ. "ಎರಡರಲ್ಲಿ ವೀಣೆ ಮೀಟಿ ಸ್ವರ ಆರುವಾಗ ಉಜ್ಜಿದ ಹಾಗೆ ಬರ್ತದೆ. ಮಿಷನಿನ ಸೂಜಿ ಮೊಂಡಾದ್ರೆ ಬಟ್ಟೆ ಹಾಳಾಗುವ ಮೊದಲೇ ಸದ್ದು ಬದಲಾಗ್ತದಲ್ಲ, ಹಾಗೆ. ಎಡಗಡೆ ಮಾತ್ರ. ಬಲಗಡೆ ಸರಿ ಉಂಟು."

ಸಂಕಪ್ಪ ಎದ್ದು ನಿಂತ. "ಎರಡು ಯಾವುದು?"

ಮಾನ್ಯಾ ತಗ್ಗಿದ ದನಿಯಲ್ಲಿ ಹೇಳಿದಳು, "ನಿಮ್ಮ ಆಂಪ್ಲಿಫೈಯರ್."

ಸಂಕಪ್ಪನಿಗೆ ಕೋಪ ಬರುತ್ತದೆಂದು ಅನೂಪ್ ಅಂದುಕೊಂಡ. ಆದರೆ ಸಂಕಪ್ಪ ಪರದೆಯನ್ನು ಕಿತ್ತೆಸೆದು ಆಂಪ್ಲಿಫೈಯರಿನ ಹಿಂದೆ ಮಂಡಿಯೂರಿದ್ದ! ಎಡ ಬಲ ಸ್ಪೀಕರುಗಳ ತಂತಿಯನ್ನು ಅದಲುಬದಲು ಮಾಡಿ ಕೂಗಿದ, "ಈಗ ಕೇಳು. ಉಜ್ಜುದು ಯಾವ ಕಡೆ?"

ಸುಂದರಿ ತಲೆ ವಾಲಿಸಿದಳು. "ಈಗ ಬಲಗಡೆ ಬಂತು."

"ಬಂತಾ! ಹಾಗಾದ್ರೆ ಸ್ಪೀಕರು ಅಲ್ಲ. ರೆಕಾರ್ಡಿನದ್ದಾದ್ರೆ ರಿಸೀವರಿನಲ್ಲೂ ಕೇಳ್ಬೇಕಿತ್ತು. ನನ್ನ ಪೆಟ್ಟಿಗೆಯ ಒಳಗೇ ಉಂಟು ಕಳ್ಳ! ಅನೂಪ್ ಸರ್, ಸ್ಕ್ರೂಡ್ರೈವರ್ ಕೊಡಿ, ಬೇಗ!"

ನೆಲದ ಮೇಲೆ ಪೇಪರ್ ಹಾಸಿ ಮುಚ್ಚಳ ಬಿಚ್ಚಿದರು. ಸಂಕಪ್ಪ ಬೆರಳಿನಿಂದ ತೋರಿಸುತ್ತ ಅನೂಪನಿಗೆ ವಿವರಿಸಿದ. ಸದ್ದಿನ ಅಲೆಯ ಮೇಲಿನ ಅರ್ಧವನ್ನು ಒಂದು ಟ್ರಾನ್ಸಿಸ್ಟರ್ ಹೊರುತ್ತದೆ, ಕೆಳಗಿನ ಅರ್ಧವನ್ನು ಇನ್ನೊಂದು. ಹೊರೆ ಒಬ್ಬನಿಂದ ಇನ್ನೊಬ್ಬನ ಕೈಗೆ ದಾಟುವಾಗ ಜಾರದಿರಬೇಕಾದರೆ ಇಬ್ಬರೂ ಸದಾ ಸ್ವಲ್ಪ ಎಚ್ಚರವಾಗಿರಬೇಕು. ಅದಕ್ಕಾಗಿ ಅವುಗಳಲ್ಲಿ ತುಸು ಕರೆಂಟು ಯಾವಾಗಲೂ ಹರಿಯುತ್ತಿರಬೇಕು. ಎಷ್ಟು ಎಂದು ನಿಗದಿ ಮಾಡುವುದು ಒಂದು ಪುಟ್ಟ ತಿರುಪು. ಮೀಟರು ಹಿಡಿದರೆ ಬಲಗಡೆಯದು ಸರಿಯಿತ್ತು, ಎಡಗಡೆ ಕರೆಂಟು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಸಮುದ್ರದ ಉಪ್ಪುಗಾಳಿಗೆ ಆ ತಿರುಪಿನ ಕೆಳಗೆ ಕಪ್ಪು ಕಿಲುಬು ಕಟ್ಟಿತ್ತು. ದೊಡ್ಡ ಸದ್ದಿನಲ್ಲಿ ಆ ಉಜ್ಜಾಟ ಅಡಗಿಹೋಗುತ್ತದೆ. ಸ್ವರ ಸಣ್ಣಗಾದಾಗ ಮಾತ್ರ ಹೊರಬೀಳುತ್ತದೆ.

"ಮೂರು ವರ್ಷದ ಹಿಂದೆ ನಾನೇ ಇದನ್ನು ತಿರುಗಿಸಿ ಇಟ್ಟದ್ದು" ಎಂದ ಸಂಕಪ್ಪ. "ಮತ್ತೆ ಮುಟ್ಟಿ ನೋಡ್ಲಿಲ್ಲ. ನನ್ನ ಕೆಲಸ ಅಲ್ವಾ, ಕೆಡ್ಲಿಕ್ಕಿಲ್ಲ ಅಂತ."

ಕಿಲುಬು ತೊಳೆದು, ತಿರುಪನ್ನು ನಿಧಾನಕ್ಕೆ ತಿರುಗಿಸಿ, ಮೀಟರಿನ ಅಂಕಿ ನಿಲ್ಲುವವರೆಗೆ ಕಾದರು. ಪರದೆ ಮತ್ತೆ ಕಟ್ಟಿದರು. ಸುಂದರಿ ಮತ್ತೆ ಕುಳಿತಳು. ಈ ಸಲ ನಾಲ್ಕನೆಯದಕ್ಕೇ ತಲೆ ಅಲ್ಲಾಡಿಸಿದಳು. "ಇಲ್ಲ, ಈಗ ಎರಡೂ ಒಂದೇ. ನನಗೆ ಗೊತ್ತಾಗುದಿಲ್ಲ." ಒತ್ತಾಯಕ್ಕೆ ಪೂರ್ತಿ ಹೇಳಿದಾಗ ಹತ್ತಕ್ಕೆ ಐದು.

"ನೋಡಿದ್ರಾ? ಸಮ!" ಅನೂಪ್ ಕುಣಿದುಬಿಟ್ಟ. "ಸಂಕಪ್ಪಣ್ಣ, ನನ್ನ ರಿಸೀವರ್ ನಿಮ್ಮ ಆಂಪ್ಲಿಫೈಯರಿಗೆ ಸಮ!"

"ಮೆಲ್ಲ ಕೇಳಿದ್ರೆ ಸಮ, ಒಪ್ಪಿದೆ" ಎಂದ ಸಂಕಪ್ಪ. ಅವನ ಮುಖದಲ್ಲಿ ಹೊಸ ಹುರುಪು. "ಜೋರು ಕೇಳುವ."

ಅವನ ಫೋನಿನಲ್ಲಿ ಊರಿನ ಒಂದು ಯಕ್ಷಗಾನದ ಚೆಂಡೆ ಪೀಠಿಕೆ ಇತ್ತು. ಅದನ್ನು ಹಾಕಿದರು. ಅಳತೆ ಸರಿಸಮ ಇಟ್ಟುಕೊಂಡೇ ಎರಡರ ಸದ್ದನ್ನೂ ಹಂತಹಂತವಾಗಿ ಏರಿಸಿದರು. ಕಿಟಕಿಯ ಗಾಜು ನಡುಗಿತು. ಮೂರನೆಯ ಹಂತದಲ್ಲಿ ಪರದೆಯೇ ಬೇಡವಾಯಿತು. ಆಂಪ್ಲಿಫೈಯರಿನಲ್ಲಿ ಚೆಂಡೆಯ ಪೆಟ್ಟು ಎದೆಗೆ ಬಂದು ತಾಗುತ್ತಿತ್ತು, ರಿಸೀವರಿನಲ್ಲಿ ತಗಡು ಬಡಿದ ಹಾಗೆ ಚಪ್ಪಟೆಯಾಗುತ್ತಿತ್ತು. ಇನ್ನೊಂದಿಷ್ಟು ಏರಿಸಿದಾಗ ರಿಸೀವರ್ ಟಕ್ ಎಂದು ತನ್ನನ್ನು ತಾನೇ ಬಂದ್ ಮಾಡಿಕೊಂಡಿತು! ಆ ಭಾರೀ ಸ್ಪೀಕರುಗಳು ಕೇಳಿದಷ್ಟು ಕರೆಂಟು ಅದರ ಕೈಲಿ ಆಗಲಿಲ್ಲ. ಆಂಪ್ಲಿಫೈಯರ್ ಮಾತ್ರ ಮುಳ್ಳು ಕುಣಿಸುತ್ತ ಗಟ್ಟಿಯಾಗಿ ನಿಂತಿತ್ತು. ನಾಲ್ವರೂ ಒಟ್ಟಿಗೆ ಕೂಗಿದರು. ಯಾರು ಯಾವ ಪಕ್ಷ ಎಂಬುದೇ ಮರೆತುಹೋಗಿತ್ತು.

ಬಾಗಿಲಿನ ಗಂಟೆ ಸದ್ದಾಯಿತು. ಕೆಳಗಿನ ಫ್ಲ್ಯಾಟಿನ ಹೆರಾಲ್ಡ್, ಮಂಗಳೂರಿನವರು. ಬೈಗುಳ ಕೇಳಲು ಅನೂಪ್ ಸಿದ್ಧನಾಗಿ ಬಾಗಿಲು ತೆರೆದ. ಹೆರಾಲ್ಡ್ ಒಳಗೆ ಇಣುಕಿ, "ಯಕ್ಷಗಾನದ ಆಟ ಇಲ್ಲಿಯಾ? ವೇಷ ಎಲ್ಲಿ?" ಎಂದು ಕೇಳಿ ತಾವೂ ಒಂದು ಕುರ್ಚಿ ಎಳೆದುಕೊಂಡು ಕುಳಿತರು.

ಸಂಜೆಯ ಚಹಾದ ಹೊತ್ತಿಗೆ ತೀರ್ಮಾನವಾಯಿತು. ಸಿನಿಮಾ, ಟಿವಿ, ಸುತ್ತಲಿನ ಸಣ್ಣ ಸ್ಪೀಕರುಗಳನ್ನು ರಿಸೀವರ್ ನೋಡಿಕೊಳ್ಳಲಿ. ಎದುರಿನ ಎರಡು ದೊಡ್ಡವನ್ನು ಹೊರಲು ಸಂಕಪ್ಪ ಅನೂಪನಿಗೊಂದು ಹಳೆಯ ಆಂಪ್ಲಿಫೈಯರ್ ಹುಡುಕಿ ಸರಿಮಾಡಿಕೊಡಲಿ. ಎರಡನ್ನೂ ಜೋಡಿಸಲು ಬೇಕಾದ ಕಿಂಡಿ ರಿಸೀವರಿನ ಬೆನ್ನಲ್ಲೇ ಇತ್ತು. ಅನೂಪ್ ಅದನ್ನು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ.

ಮನೆಗೆ ಮರಳುವಾಗ ಹೆದ್ದಾರಿಯಲ್ಲಿ ಸಂಕಪ್ಪ ಕಾರಿನ ವೇಗ ತಗ್ಗಿಸಿದ. ಆಮೇಲೆ ತುಳುವಿನಲ್ಲಿ ಮೆಲ್ಲಗೆ ಕೇಳಿದ, "ಮನೆಯಲ್ಲೂ ನಿನಗೆ ಆ ಉಜ್ಜುವ ಸದ್ದು ಕೇಳ್ತಿತ್ತಾ?"

"ಮೂರು ತಿಂಗಳಿಂದ ಕೇಳ್ತಾ ಉಂಟು."

"ಮತ್ತೆ ಹೇಳುದಲ್ವಾ?"

"ಹಾಡು ಹಾಕಿದಾಗ ಮಾತಾಡಬೇಡ ಅಂತ ನೀವೇ ಹೇಳುದಲ್ಲ" ಎಂದಳು ಸುಂದರಿ. ಅವಳ ದನಿಯಲ್ಲಿ ದೂರು ಇರಲಿಲ್ಲ, ಇದ್ದ ವಿಷಯ ಹೇಳಿದಳು ಅಷ್ಟೆ. ಸಂಕಪ್ಪನಿಗೆ ಮಾತ್ರ ಅದು ಎದೆಗೆ ನಾಟಿತು. ಹಾಡು ಶುರುವಾದೊಡನೆ ಅವಳ ಕಡೆಗೆ ಕೈಯೆತ್ತಿ ಸುಮ್ಮನಿರಿಸಿದ ಎಷ್ಟೋ ಸಂಜೆಗಳು ನೆನಪಾದವು.

"ತಪ್ಪಾಯ್ತು ಮಾರಾಯ್ತಿ" ಎಂದ. ಮದುವೆಯಾದಂದಿನಿಂದ ಅವಳು ಅವನ ಬಾಯಿಂದ ಆ ಮಾತು ಕೇಳಿದ್ದು ಬಹಳ ಕಡಿಮೆ. ಅವಳು ಕಿಟಕಿಯ ಕಡೆಗೆ ತಿರುಗಿ ನಕ್ಕಳು.

ಮರುದಿನವೇ ಅವನು ಅಂಗಡಿಯ ಉಪಕರಣದಿಂದ ಇಬ್ಬರ ಕಿವಿಯನ್ನೂ ಪರೀಕ್ಷಿಸಿದ. ಸ್ವರವನ್ನು ಹೆಚ್ಚುಹೆಚ್ಚು ಕೀರಲಾಗಿಸುತ್ತ ಹೋದರೆ ಅವನಿಗೆ ಅರ್ಧ ದಾರಿಯಲ್ಲೇ ಕೇಳುವುದು ನಿಂತಿತು, ಸುಂದರಿ ಇನ್ನೂ "ಉಂಟು, ಉಂಟು" ಎನ್ನುತ್ತಿದ್ದಳು. ಬೇರೆಯವನಾಗಿದ್ದರೆ ಕೊರಗುತ್ತಿದ್ದನೇನೋ. ಸಂಕಪ್ಪ ಮಾತ್ರ ಅಕ್ಕಪಕ್ಕದ ಅಂಗಡಿಯವರನ್ನೆಲ್ಲ ಕರೆದು ಹೆಂಡತಿಯ ಕಿವಿಯ ಪ್ರತಾಪ ವರ್ಣಿಸಿದ.

ಈಗ ಪ್ರತಿ ಶನಿವಾರ ಮಧ್ಯಾಹ್ನ ಸುಂದರಿ ಹೊಲಿಗೆ ಮುಗಿಸಿ ರಿಪೇರಿ ಅಂಗಡಿಗೆ ಬರುತ್ತಾಳೆ. ವಾರದಲ್ಲಿ ರಿಪೇರಿಯಾದ ಪೆಟ್ಟಿಗೆಗಳು ಬೆಂಚಿನ ಮೇಲೆ ಸಾಲಾಗಿ ಕಾಯುತ್ತಿರುತ್ತವೆ. ಹೋದ ವಾರ ನಿವೃತ್ತ ಮೇಷ್ಟ್ರು ಖಮೀಸ್ ತಮ್ಮ ತಂದೆಯ ಕಾಲದ ಆಂಪ್ಲಿಫೈಯರ್ ಒಯ್ಯಲು ಬಂದಿದ್ದರು. ಸಂಕಪ್ಪ ಮುಚ್ಚಳ ಹಾಕಿ, "ಖಲಾಸ್, ರೆಡಿ" ಎಂದ. ಸುಂದರಿ ಊದ್ ವಾದ್ಯದ ಕ್ಯಾಸೆಟ್ ಹಾಕಿಸಿ, ಒಂದು ಹಾಡು ಪೂರ್ತಿ ಕೇಳಿ, ಹೊಲಿಗೆ ಅಂಗಡಿಯಲ್ಲಿ ಕಲಿತ ಅರಬ್ಬಿಯಲ್ಲಿ ಖಮೀಸರಿಗೆ ಹೇಳಿದಳು, "ಇನ್ನೂ ಇಲ್ಲ ಬಾಬಾ. ನಾಳೆ ಬನ್ನಿ."

ಖಮೀಸ್ ಸಂಕಪ್ಪನ ಮುಖ ನೋಡಿದರು. ಸಂಕಪ್ಪ ಆಗಲೇ ಅಂಗಿಯ ತೋಳು ಮಡಚಿ, ಖುಷಿಯಿಂದ ಮುಚ್ಚಳ ಬಿಚ್ಚತೊಡಗಿದ್ದ.